ಸುಹಾಸನನ್ನು ಹಾಸ್ಟೆಲ್ಲಿಗೆ ಹಾಕಬೇಡಿ

ಕೊಲಂಬಸ್, ಒಹಾಯೊ
ಶುಕ್ರವಾರ ರಾತ್ರಿ

ಪ್ರೀತಿಯ ಅಕ್ಕ,

ನಾವು ಸೌಖ್ಯ. ಅಮ್ಮನ ಮಂಡಿನೋವು ಹೇಗಿದೆ? ಭಾವನಿಗೆ ನಮಸ್ಕಾರ ಹೇಳು, ಸಿಟ್ಟು ಇಳಿದಿದ್ದರೆ.

ನಿನ್ನ ಪತ್ರ ಓದಿದ ಮೇಲೆ ನಿದ್ದೆ ಬರಲಿಲ್ಲ ಮಾರಾಯ್ತಿ. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಸುಹಾಸ 200 ರೂಪಾಯಿ ತೆಗೆದದ್ದು ತಪ್ಪೇ. ಅದನ್ನು ಕೆಲಸದ ಹುಡುಗನ ತಲೆಗೆ ಕಟ್ಟಿದ್ದು ಇನ್ನೂ ದೊಡ್ಡ ತಪ್ಪು. ಆದರೆ ಅದಕ್ಕೆ ಜೂನಿಗೆ ಹಾಸ್ಟೆಲ್ಲಾ? 11 ವರ್ಷದ ಹುಡುಗ ಅವನು. ಊಟ ಸರಿ ಮಾಡ್ತಿಲ್ಲ, ಯಾರ ಹತ್ತಿರವೂ ಮಾತಾಡ್ತಿಲ್ಲ ಅಂತ ನೀನೇ ಬರೆದಿದ್ದೀಯ. ಹಾಸ್ಟೆಲ್ಲಿಗೆ ಹೋದರೆ ಮಾತಾಡ್ತಾನಾ?

ಅವನಿಗೆ ಎರಡು ಪುಸ್ತಕ ಕಳಿಸಿದ್ದೇನೆ. ನಗಬೇಡ. ನೀತಿಕಥೆ ಅಲ್ಲ, ರಾಜ, ಮಂತ್ರವಾದಿ ಯಾರೂ ಇಲ್ಲ. 8ರಿಂದ 12 ವರ್ಷದ ಮಕ್ಕಳಿಗೆ ಅಂತಲೇ ಬರೆಯುವ ಸಣ್ಣ ಕಾದಂಬರಿಗಳು. ಶಾಲೆ, ಮನೆ, ಜಗಳ, ದುಡ್ಡಿನ ತಾಪತ್ರಯ, ಅಷ್ಟೇ. ಒಂದನ್ನು ನಾನು ಬಸ್ಸಿನಲ್ಲೇ ಓದಿ ಮುಗಿಸಿದೆ. ಒಬ್ಬಳು ಹುಡುಗಿ ಶಾಲೆ ಟ್ರಿಪ್ಪಿನ ದುಡ್ಡು ಕಳೆದುಕೊಂಡು, ಗೆಳತಿ ಕದ್ದಳು ಅಂತಾಳೆ. ಆಮೇಲೆ ನೂರು ಪುಟ ಆ ಸುಳ್ಳನ್ನು ಕಾಯುವುದೇ ಅವಳ ಕೆಲಸ. ಯಾರೂ ಹೊಡೆಯುವುದಿಲ್ಲ, ಯಾರೂ ಬುದ್ಧಿ ಹೇಳುವುದಿಲ್ಲ. ಓದುವಾಗ ನನಗೇ ಹೊಟ್ಟೆ ತೊಳಸಿತು.

ಇಲ್ಲಿ ಮಕ್ಕಳಿಗೆ ಲೈಬ್ರರಿ ಕಾರ್ಡು ಪುಕ್ಕಟೆ. ಕಪಾಟಿನ ಎದುರು ನಿಂತು ನೋಡಬೇಕು ನೀನು. ಕೆಲವು ಪುಸ್ತಕದ ಮೇಲೆ ನ್ಯೂಬೆರಿ ಪದಕದ ಚಿನ್ನದ ಬಣ್ಣದ ಗುರುತು ಇರುತ್ತದೆ, ಇಲ್ಲಿ ಮಕ್ಕಳ ಪುಸ್ತಕಕ್ಕೆ 1922ರಿಂದ ಕೊಡುತ್ತಿರುವ ಬಹುಮಾನ. ಮಕ್ಕಳಿಗೆ ಅದು ಲೆಕ್ಕಕ್ಕೇ ಇಲ್ಲ. ಪುಸ್ತಕ ಎಷ್ಟು ದಪ್ಪ ಅಂತ ಬೆರಳಲ್ಲಿ ಹಿಡಿದು ನೋಡಿ, ತೆಳ್ಳಗಿದ್ದದ್ದನ್ನು ಎಳೆದುಕೊಳ್ಳುತ್ತಾರೆ! ಇನ್ನೊಂದು ತಮಾಷೆ ಕೇಳು. ಓದಲು ನಾಚಿಕೆಪಡುವ ಮಕ್ಕಳನ್ನು ನಾಯಿಯ ಪಕ್ಕ ಕೂರಿಸಿ ಗಟ್ಟಿಯಾಗಿ ಓದಿಸುತ್ತಾರೆ. 1999ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಶುರುವಾದ ಪದ್ಧತಿ. ನಾಯಿ ತಪ್ಪು ತಿದ್ದುವುದಿಲ್ಲ ಅಲ್ವಾ! ಅಮ್ಮನಿಗೆ ಹೇಳಬೇಡ, ಅಮೆರಿಕದಲ್ಲಿ ನಾಯಿಗೆ ಪಾಠ ಮಾಡ್ತಾರೆ ಅಂತ ನಮ್ಮ ಉಡುಪಿಯ ಇಡೀ ಕಲ್ಸಂಕಕ್ಕೆ ಸುದ್ದಿಯಾಗುತ್ತದೆ. ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಸಾಹಿತ್ಯ ಅಕಾಡೆಮಿ 2010ರಿಂದ ಮಕ್ಕಳ ಪುಸ್ತಕಕ್ಕೆ ಬೇರೆಯೇ ಪುರಸ್ಕಾರ ಕೊಡುತ್ತಿದೆ, ಕನ್ನಡಕ್ಕೂ ಬರುತ್ತದೆ. ಅಂಥದ್ದು ಅಂಗಡಿಯಲ್ಲಿ ಸಿಕ್ಕಿದರೆ ತಗೋ, ದುಡ್ಡು ನಾನು ಕಳಿಸ್ತೇನೆ.

ಒಂದೇ ಮಾತು. ಪುಸ್ತಕ ಕೊಟ್ಟು "ನೋಡು, ನೀನು ಮಾಡಿದ್ದೂ ಇದನ್ನೇ" ಅನ್ನಬೇಡ. ಏನು ಕಲಿತೆ ಅಂತ ಕೇಳಲೂ ಬೇಡ. ಸುಮ್ನೆ ಕಿಟಕಿ ಹತ್ತಿರದ ಬೆಂಚಿನ ಮೇಲೆ ಇಟ್ಟುಬಿಡು. ಭಾವ ಎತ್ತಿ ಒಳಗಿಡದ ಹಾಗೆ ನೋಡಿಕೋ.

ಅಕ್ಕಾ, ಮೂರು ತೇರಿನ ದಿನ ರಥಬೀದಿಯಲ್ಲಿ ನಾನು ಹಸಿರು ಗಾಜಿನ ಬಳೆ ತೆಗೆದುಕೊಂಡದ್ದು ನೆನಪಿದೆಯಾ? ಅದು ಅಜ್ಜಿ ಕೊಟ್ಟ ದುಡ್ಡಲ್ಲ. ಅಪ್ಪನ ಅಂಗಿ ಕಿಸೆಯದ್ದು. ಅಪ್ಪ ಕೇಳಿದಾಗ ಅಕ್ಕ ತೆಗೆದಳು ಅಂದೆ. ನಿನಗೆ ಬೆತ್ತದ ಏಟು ಬಿತ್ತು. ಬಳೆ ಹಾಕಿಕೊಳ್ಳಲು ಧೈರ್ಯ ಬರದೆ ಬಾವಿಗೆ ಎಸೆದೆ. ಇಷ್ಟು ವರ್ಷ ಹೇಳಿರಲಿಲ್ಲ. ನನ್ನನ್ನು ಯಾರೂ ಹಾಸ್ಟೆಲ್ಲಿಗೆ ಹಾಕಲಿಲ್ಲ.

ಭಾವನಿಗೂ ಈ ಭಾಗ ಓದಿ ಹೇಳು. ಸಿಟ್ಟಿದ್ದರೆ ನನ್ನ ಮೇಲೆ ಮಾಡಿಕೋ, ಪರವಾಗಿಲ್ಲ.

ನೀನು ಮಾತ್ರ ಏನೂ ತಲೆಬಿಸಿ ಮಾಡಬೇಡ. ಏನೂ ಆಗುವುದಿಲ್ಲ, ಎಲ್ಲ ಸರಿಯಾಗುತ್ತದೆ, ನಿಜವಾಗಿ ಹೇಳ್ತೇನೆ. ಇಲ್ಲಿ ಚಳಿ ಹೋಗಿದೆ, ನನ್ನ ಕೆಮ್ಮೂ ಹೋಗಿದೆ, ಊಟಕ್ಕೆ ಕುಚ್ಚಲಕ್ಕಿಯೂ ಸಿಕ್ಕಿದೆ. ಭಾನುವಾರ ನಿಮ್ಮ ರಾತ್ರಿ 8ಕ್ಕೆ ಫೋನ್ ಮಾಡುತ್ತೇನೆ. ಸುಹಾಸನಿಗೆ ಕೊಡು, ಬಳೆ ವಿಷಯ ನಾನೇ ಹೇಳಬೇಕು. ಕುಕ್ಕರ್ ಕೂಗುತ್ತಿದೆ, ಇಡ್ತೇನೆ.

ನಿನ್ನ
ಪುಟ್ಟಿ