ಮುಚ್ಚುವ ಮೊದಲು ಅಳತೆ ತೆಗೆಯಿರಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಾನು 34 ವರ್ಷ ಡ್ರಾಫ್ಟ್ಸ್‌ಮನ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಕಳೆದ ವಾರ ಬೀರುವಿನ ಕೆಳಗಿನ ಖಾನೆ ಖಾಲಿ ಮಾಡುವಾಗ ಒಂದು ಹಳೆಯ ನೋಟ್‌ಬುಕ್ ಸಿಕ್ಕಿತು. ಅದರಲ್ಲಿ ಒಂದು ಊರಿನ ನಕ್ಷೆ ಇದೆ, ಅರ್ಧಂಬರ್ಧ. ಆ ಊರು ಈಗಿಲ್ಲ. ಅದಕ್ಕೇ ಈ ಪತ್ರ.

ಊರಿನ ಹೆಸರು ರೋಡ್‌ಸೈಡ್ ಅಮೆರಿಕ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಶಾರ್ಟಲ್ಸ್‌ವಿಲ್ ಎಂಬಲ್ಲಿ, 78ನೇ ನಂಬರ್ ಹೆದ್ದಾರಿಯ ಪಕ್ಕ, ಒಂದೇ ಕಟ್ಟಡದೊಳಗೆ ಇತ್ತು. ಪುಟಾಣಿ ಊರು ಅದು. ಮನೆ, ಗಿರಣಿ, ಕಲ್ಲಿದ್ದಲ ಗಣಿ, ವಿಮಾನ ನಿಲ್ದಾಣ, ಹೊಲ, ಹೊಳೆ, ರೈಲು ಎಲ್ಲವೂ ಸಣ್ಣದು. ಒಬ್ಬನೇ ಮನುಷ್ಯ ಕಟ್ಟಿದ್ದು, ಅವನ ಮನೆಯವರು ಉಳಿಸಿಕೊಂಡು ಬಂದದ್ದು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಬಾಗಿಲು ಹಾಕಿತು. ಅದೇ ವರ್ಷ ನವೆಂಬರ್‌ನಲ್ಲಿ, ಇನ್ನು ತೆರೆಯುವುದಿಲ್ಲ ಅಂತ ಹೇಳಿದರು.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು 2011ರಲ್ಲಿ. ಮಗಳ ಮನೆಗೆ ಹೋಗಿದ್ದೆ. ಎಲ್ಲೋ ಹೋಗಿ ವಾಪಸ್ ಬರುವಾಗ ಹೆದ್ದಾರಿ ಬದಿಯಲ್ಲಿ ಗಾಡಿ ಮೇಲೆ ಕೂತ ಆಮಿಶ್ (ಹಳೆಯ ಕಾಲದ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡ) ಗಂಡ ಹೆಂಡತಿಯ ದೊಡ್ಡ ಗೊಂಬೆಗಳು ಕಂಡವು. ನಾಲ್ಕು ವರ್ಷದ ಮೊಮ್ಮಗಳು ಇಳಿಯಲೇಬೇಕು ಅಂತ ಹಟ ಹಿಡಿದಳು. ಸುಮ್ನೆ ಹತ್ತು ನಿಮಿಷ ನೋಡಿ ಬರೋಣ ಅಂತ ಒಳಗೆ ಹೋದೆವು. ಹೊರಗೆ ಬಂದಾಗ ಎರಡೂವರೆ ಗಂಟೆ ಆಗಿತ್ತು.

ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹೋದದ್ದು ಸ್ಕೇಲ್ ಕಡೆಗೆ. ಜೀವನಪೂರ್ತಿ ಅದೇ ಕೆಲಸ ಮಾಡಿದವನಿಗೆ ಬೇರೇನು ಕಾಣುತ್ತೆ ಹೇಳಿ. ಅಲ್ಲಿನ ಅಳತೆ ಒಂದು ಅಡಿಗೆ ಒಂದು ಇಂಚಿನ ಎಂಟನೇ ಮೂರು ಭಾಗ. ಅಂದರೆ ನಿಜದ ಅಳತೆಯ 32ರಲ್ಲಿ 1 ಭಾಗ. ಆರಡಿ ಮನುಷ್ಯ ಎರಡೂಕಾಲು ಇಂಚು ನಿಲ್ಲುತ್ತಾನೆ. ಏಳಡಿ ಬಾಗಿಲು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಎತ್ತರ. ಇಡೀ ಊರು 8,000 ಚದರ ಅಡಿ ಜಾಗದಲ್ಲಿತ್ತು. ಈ ಸ್ಕೇಲಿನಲ್ಲಿ ಅದು ಸುಮಾರು 188 ಎಕರೆ ಆಗುತ್ತೆ. ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಲೆಕ್ಕ ಹಾಕಿದ್ದೆ, ಅದೂ ನೋಟ್‌ಬುಕ್‌ನಲ್ಲಿದೆ.

ಒಂದು ವಿಷಯ ಹೇಳಲೇಬೇಕು. ಅಲ್ಲಿ ಓಡುತ್ತಿದ್ದ ರೈಲುಗಳು ಓ ಗೇಜ್ ಎಂಬ ಅಳತೆಯ ಆಟಿಕೆ ರೈಲುಗಳು. ಆ ರೈಲುಗಳ ಲೆಕ್ಕ ಸಾಮಾನ್ಯವಾಗಿ 48ರಲ್ಲಿ 1. ಹಾಗಾಗಿ ಮನೆಗಳ ಮುಂದೆ ರೈಲು ಒಂದು ಸುತ್ತು ಚಿಕ್ಕದಿರಬೇಕು. ನಕ್ಷೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನು ಕೆಂಪು ಪೆನ್ಸಿಲ್ ಹಾಕಿ ವಾಪಸ್ ಕಳಿಸುತ್ತಿದ್ದೆ. ಅಲ್ಲಿ ಮಾತ್ರ ಕಣ್ಣಿಗೆ ಏನೂ ಅಡ್ಡಿ ಅನ್ನಿಸಲಿಲ್ಲ. ಕಟ್ಟಿದವನು ಹಳಿಗಳನ್ನು ದಿಬ್ಬದ ಹಿಂದೆ, ಸೇತುವೆ ಕೆಳಗೆ, ಮನೆಗಳಿಂದ ತುಸು ದೂರದಲ್ಲಿ ಓಡಿಸಿದ್ದ. ದೂರ ಹೋದದ್ದು ಚಿಕ್ಕದಾಗೇ ಕಾಣಬೇಕು ಅಲ್ವಾ? ಯಾವುದರ ಪಕ್ಕ ಯಾವುದನ್ನು ಇಡಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅವನ ಹೆಸರು ಲಾರೆನ್ಸ್ ಗೀರಿಂಗರ್. ಮರಗೆಲಸ, ಬಣ್ಣ ಹಚ್ಚುವ ಕೆಲಸ ಮಾಡುತ್ತಿದ್ದವನು. ಚಿಕ್ಕವನಿದ್ದಾಗ ರಾತ್ರಿ ಕಿಟಕಿಯಿಂದ ನೋಡಿದರೆ ಬೆಟ್ಟದ ಮೇಲಿನ ಹೋಟೆಲಿನ ದೀಪಗಳು ಕಾಣುತ್ತಿದ್ದವಂತೆ. ಅದು ಆಟದ ಮನೆ, ಹೋಗಿ ಎತ್ತಿಕೊಂಡು ಬರ್ತೀನಿ ಅಂತ ಒಂದು ದಿನ ಹೊರಟೇಬಿಟ್ಟನಂತೆ. ದಾರಿ ತಪ್ಪಿದ ಅವನನ್ನು ಮನೆಯವರೆಲ್ಲ ಹುಡುಕಿದರಂತೆ. ಅಲ್ಲಿ ಹೇಳುತ್ತಿದ್ದ ಕಥೆ ಇದು. ನನಗೆ ಇದನ್ನು ನಂಬಲು ಕಷ್ಟವಾಗಲಿಲ್ಲ. ಆ ಊರಿನ ಕಿಟಕಿಗಳನ್ನು ನೋಡಿದವರು ಯಾರೂ ಅನುಮಾನ ಪಡುವುದಿಲ್ಲ.

1935ರಲ್ಲಿ ಪೆನ್ಸಿಲ್ವೇನಿಯಾದ ಹ್ಯಾಂಬರ್ಗ್ ಎಂಬ ಊರಿನ ತನ್ನ ಮನೆಯಲ್ಲೇ ಜನರಿಗೆ ತೋರಿಸಿದ. ನೋಡಲು ಬರುವವರು ಜಾಸ್ತಿಯಾದಾಗ ಬೇರೆ ಜಾಗ ಹುಡುಕಿದ, ಕೊನೆಗೆ ಶಾರ್ಟಲ್ಸ್‌ವಿಲ್‌ಗೆ ಬಂದ. 1963ರಲ್ಲಿ ತೀರಿಕೊಂಡ. ಅಲ್ಲಿಂದ ಮುಂದೆ ಮನೆಯವರು ಹೊಸದೇನನ್ನೂ ಸೇರಿಸದೆ, ಅವನು ಬಿಟ್ಟುಹೋದ ಹಾಗೇ ಕಾಪಾಡಿದರು. ಐವತ್ತಕ್ಕೂ ಜಾಸ್ತಿ ವರ್ಷ! ಮುನ್ನೂರಕ್ಕೂ ಹೆಚ್ಚು ಕಟ್ಟಡ, ಒಂದೊಂದರ ಒಳಗೂ ಬಲ್ಬು. ಬಲ್ಬು ಸುಡುತ್ತೆ, ಬೆಲ್ಟು ಸಡಿಲವಾಗುತ್ತೆ, ಪಂಪು ಕಟ್ಟಿಕೊಳ್ಳುತ್ತೆ. ದೂಳಂತೂ ಸಣ್ಣದಾಗುವುದಿಲ್ಲ. ನಮ್ಮ ಮನೆಯ ಮಾಡಿನ ಮೇಲೆ ಲೆಕ್ಕಕ್ಕೇ ಬಾರದ ದೂಳು ಅಲ್ಲಿನ ಮಾಡಿನ ಮೇಲೆ ಮರಳು ಸುರಿದಂತೆ ಕಾಣುತ್ತೆ. ಅದನ್ನೆಲ್ಲ ಬ್ರಷ್ ಹಿಡಿದು, ಕಾಲಿಡಲು ಜಾಗ ಹುಡುಕಿಕೊಂಡು ಒರೆಸಬೇಕು. ಆ ಕೈಗಳಿಗೆ ನಾನು ನಮಸ್ಕಾರ ಮಾಡುತ್ತೇನೆ.

ಊರಿನ ಸುತ್ತ ಕಂಬಿ ಇತ್ತು, ಕಂಬಿಯ ಉದ್ದಕ್ಕೂ ಗುಂಡಿಗಳು. ಒತ್ತಿದರೆ ಎಲ್ಲೋ ಒಂದು ಕಡೆ ಏನೋ ಅಲ್ಲಾಡುತ್ತೆ. ಮೊಮ್ಮಗಳು ಒತ್ತುವುದು, ನಾನು ಎಲ್ಲಿ ಅಲ್ಲಾಡಿತು ಅಂತ ಹುಡುಕುವುದು. ಇದೇ ನಮ್ಮ ಆಟ.

ಸ್ವಲ್ಪ ಹೊತ್ತಿಗೆ ಎಲ್ಲರೂ ಒಂದು ಬದಿಗೆ ಬನ್ನಿ ಅಂದರು. ದೊಡ್ಡ ದೀಪಗಳು ನಿಧಾನಕ್ಕೆ ಇಳಿದವು. ಊರಿಗೆ ಸಂಜೆಯಾಯಿತು, ಆಮೇಲೆ ರಾತ್ರಿ. ಒಂದೊಂದೇ ಕಿಟಕಿ ಹಳದಿಯಾಗಿ ಹೊತ್ತಿಕೊಂಡಿತು. ಕತ್ತಲೆಯಲ್ಲಿ ರೈಲಿನ ಡಬ್ಬಿಗಳ ಬೆಳಕು ಮಾತ್ರ ಸಾಲಾಗಿ ಹೋಗುತ್ತಿತ್ತು, ಹಳಿ ಸದ್ದು ಕೇಳುತ್ತಿತ್ತು. ಹಳೆಯ ದೇಶಭಕ್ತಿ ಗೀತೆಯೊಂದನ್ನು ಹಾಕಿದರು. ನಮ್ಮ ಪಕ್ಕದಲ್ಲಿದ್ದ ವಯಸ್ಸಾದ ಅಮೆರಿಕನ್ ದಂಪತಿ ಕೈ ಕೈ ಹಿಡಿದುಕೊಂಡು ನಿಂತಿದ್ದರು. ನಮ್ಮ ಹುಡುಗಿ ನನ್ನ ಕಿವಿ ಹತ್ತಿರ ಬಂದು, "ತಾತ, ಒಳಗಿರೋರು ಮಲ್ಕೊಂಡ್ರಾ?" ಅಂದಳು. "ಇನ್ನೂ ಇಲ್ಲ ಪುಟ್ಟಿ, ದೀಪ ಉರೀತಿದೆಯಲ್ಲ" ಅಂದೆ.

ಆಮೇಲೆ 2016ರಲ್ಲಿ ಒಂದು ಸಲ, 2019ರಲ್ಲಿ ಇನ್ನೊಂದು ಸಲ ಹೋದೆ. ಕೊನೆಯ ಸಲ ನೋಟ್‌ಬುಕ್ ಒಯ್ದಿದ್ದೆ. ಕಂಬಿ ದಾಟುವ ಹಾಗಿಲ್ಲ, ಟೇಪು ಹಿಡಿಯುವ ಮಾತೇ ಇಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ಪ್ರತಿ ಕಟ್ಟಡದ ಹತ್ತಿರ ನಿಂತಿರುವ ಗೊಂಬೆಯನ್ನು ಎರಡೂಕಾಲು ಇಂಚು ಅಂತ ಇಟ್ಟುಕೊಂಡು, ಬಾಗಿಲು ಎಷ್ಟು ಆಳೆತ್ತರ, ಗೋಡೆ ಎಷ್ಟು ಆಳುದ್ದ ಅಂತ ಎಣಿಸಿ ಬರೆದುಕೊಂಡೆ. ಗಿರಣಿ, ಅದರ ಪಕ್ಕದ ಎರಡು ಮನೆ, ಒಂದು ಸೇತುವೆ, ಒಂದು ಚರ್ಚು. ಇಷ್ಟಾಗುವಾಗ ಮಗಳು ಕರೆದಳು, "ಅಪ್ಪಾ, ಹೊತ್ತಾಯ್ತು, ಮುಂದಿನ ಸಲ ಬಂದು ಮುಗಿಸಿ." ಮುಂದಿನ ಸಲ ಬರಲಿಲ್ಲ.

ಆ ಮನೆಯವರು ಕೆಲವು ವರ್ಷಗಳಿಂದಲೇ ಕೊಳ್ಳುವವರನ್ನು ಹುಡುಕುತ್ತಿದ್ದರು. ಊರನ್ನು ಇಡಿಯಾಗಿ ಉಳಿಸಿಕೊಳ್ಳುವವರು ಸಿಗಲಿಲ್ಲ. 2021ರ ಜನವರಿಯಲ್ಲಿ ಆನ್‌ಲೈನ್ ಹರಾಜು ನಡೆಯಿತು. ಮನೆ ಒಬ್ಬರಿಗೆ, ರೈಲು ಇನ್ನೊಬ್ಬರಿಗೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅಜ್ಜ ಕಟ್ಟಿದ್ದನ್ನು ಅಷ್ಟು ವರ್ಷ ಹೊತ್ತವರಿಗೆ ಇನ್ನೂ ಹೊರಿ ಅಂತ ಹೇಳುವುದು ಸುಲಭ, ನಾವೇನು ಹೆಗಲು ಕೊಟ್ಟಿದ್ದೆವಾ? ಹರಾಜಿನಲ್ಲಿ ತೆಗೆದುಕೊಂಡವರೂ ಪ್ರೀತಿಯಿಂದಲೇ ತೆಗೆದುಕೊಂಡಿರುತ್ತಾರೆ. ಯಾರದೋ ಮನೆಯ ಹಜಾರದಲ್ಲಿ ಆ ಗಿರಣಿ ಇವತ್ತೂ ಚೆನ್ನಾಗಿರಬಹುದು.

ಆದರೆ ಯಾವುದರ ಪಕ್ಕ ಯಾವುದಿತ್ತು ಅನ್ನುವುದನ್ನು ಯಾರೂ ಹರಾಜಿನಲ್ಲಿ ಕೂಗಲು ಆಗುವುದಿಲ್ಲ. ಗಿರಣಿಯ ನೀರು ಎಲ್ಲಿಂದ ಬರುತ್ತಿತ್ತು, ಯಾವ ಗುಂಡಿಗೆ ಯಾವ ಮೋಟರು, ರೈಲು ಯಾವ ದಿಬ್ಬದ ಹಿಂದೆ ಮರೆಯಾಗಿ ಎಲ್ಲಿ ಹೊರಗೆ ಬರುತ್ತಿತ್ತು, ಇದೇ ಅಲ್ಲವೇ ಊರು? ಫೋಟೋಗಳು ಸಾವಿರಾರು ಇವೆ, ವಿಡಿಯೋಗಳಿವೆ. ಫೋಟೋದಲ್ಲಿ ಅಳತೆ ಇರುವುದಿಲ್ಲ. ಫೋಟೋ ನೋಡಿ ಅಳಬಹುದು, ಮತ್ತೆ ಕಟ್ಟಲು ಆಗುವುದಿಲ್ಲ.

ಇಂಥ ಊರುಗಳು ಉಳಿದಿರುವ ಕಡೆಯೂ ಇದೆ. ಇಂಗ್ಲೆಂಡಿನ ಬೀಕನ್ಸ್‌ಫೀಲ್ಡ್‌ನಲ್ಲಿ ರೋಲಂಡ್ ಕ್ಯಾಲಿಂಗ್‌ಹ್ಯಾಮ್ ಎಂಬ ಅಕೌಂಟೆಂಟ್ ತನ್ನ ತೋಟದಲ್ಲಿ ಕಟ್ಟಿ 1929ರಲ್ಲಿ ಜನರಿಗೆ ತೆರೆದ ಬೆಕನ್ಸ್‌ಕಾಟ್ ಇವತ್ತಿಗೂ ತೆರೆದಿದೆ. ಬರುವ ಹಣದಲ್ಲಿ ದಾನಧರ್ಮವೂ ನಡೆಯುತ್ತೆ. ನೆದರ್ಲೆಂಡ್ಸ್‌ನ ಹೇಗ್ ನಗರದ ಮದುರೋಡಾಮ್ 1952ರಲ್ಲಿ ಶುರುವಾದದ್ದು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ದಾಖಾವ್ ಸೆರೆಶಿಬಿರದಲ್ಲಿ ಸತ್ತ ಜಾರ್ಜ್ ಮದುರೋ ಎಂಬ ಯುವಕನ ನೆನಪಿಗೆ ಅವನ ಅಪ್ಪ ಅಮ್ಮ ಹಣ ಕೊಟ್ಟರು. ಇವೆರಡೂ ಒಂದು ಮನೆಯ ಹೆಗಲ ಮೇಲೆ ಮಾತ್ರ ನಿಂತಿಲ್ಲ, ಸಂಸ್ಥೆ ಅಂತ ಒಂದಿದೆ. ಎಲ್ಲ ಕುಟುಂಬಗಳಿಗೂ ಆ ಅನುಕೂಲ ಸಿಗುವುದಿಲ್ಲ, ಒಪ್ಪುತ್ತೇನೆ.

ಹಾಗಿದ್ದರೂ ಒಂದು ಕೆಲಸ ಯಾರು ಬೇಕಾದರೂ ಮಾಡಬಹುದು. ಒಂದು ಕುಟುಂಬ ಕೈಯಾರೆ ಕಟ್ಟಿ ನಡೆಸುತ್ತಿರುವ ಇಂಥ ಜಾಗ ಎಲ್ಲೇ ಇರಲಿ, ಬಾಗಿಲು ತೆರೆದಿರುವಾಗಲೇ ಹೋಗಿ ಕೇಳಿ: "ಅಳತೆ ತೆಗೆಯಲಾ?" ನೆಲಕ್ಕೆ ಅಡಿಗೊಂದು ದಾರ ಕಟ್ಟಿ ಚೌಕ ಮಾಡಿಕೊಂಡರೆ ಮುಕ್ಕಾಲು ಕೆಲಸ ಆದಂತೆ. ಪ್ರತಿ ಕಟ್ಟಡಕ್ಕೂ ನಂಬರು ಕೊಟ್ಟು, ನಾಲ್ಕು ಕಡೆಯಿಂದಲೂ ಮೇಲಿನಿಂದಲೂ ಸ್ಕೇಲಿನ ಪಟ್ಟಿ ಪಕ್ಕಕ್ಕಿಟ್ಟು ಫೋಟೋ ತೆಗೆಯಿರಿ. ವೈರು ಯಾವುದು ಎಲ್ಲಿಗೆ ಹೋಗುತ್ತೆ ಅಂತ ರಿಪೇರಿ ಮಾಡುವ ಹಿರಿಯರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬರೆದುಕೊಳ್ಳಿ, ಯಾಕೆಂದರೆ ಅದು ಅವರ ತಲೆಯಲ್ಲಿ ಮಾತ್ರ ಇರುತ್ತೆ. ಡ್ರಾಯಿಂಗ್ ಕಲಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗಂತೂ ಗೊತ್ತಿಲ್ಲ. ಪತ್ರಿಕೆಯವರೂ ಮುಚ್ಚಿದ ಸುದ್ದಿ ಬರೆಯಲು ಹೋಗುವ ಬದಲು ತೆರೆದಿರುವಾಗ ಒಮ್ಮೆ ಹೋಗಿ ಬನ್ನಿ.

ಇನ್ನು ನನ್ನ ಸ್ವಂತ ಕೋರಿಕೆ. ನಿಮ್ಮ ಪತ್ರಿಕೆಯನ್ನು ಅಮೆರಿಕದಲ್ಲಿರುವ ಕನ್ನಡಿಗರೂ ಮೊಬೈಲಿನಲ್ಲಿ ಓದುತ್ತಾರೆ. ಅವರಲ್ಲಿ ಯಾರಾದರೂ, ಅಥವಾ ಅವರ ನೆರೆಹೊರೆಯವರು ಯಾರಾದರೂ, ಆ ಹರಾಜಿನಲ್ಲಿ ಒಂದು ಚರ್ಚನ್ನು ಕೊಂಡಿದ್ದರೆ ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಿ. ಮುಂದಿನ ಗೋಡೆ, ಎರಡು ಪಕ್ಕದ ಗೋಡೆ, ಗೋಪುರ ನನ್ನ ನೋಟ್‌ಬುಕ್‌ನಲ್ಲಿವೆ. ಹಿಂದಿನ ಗೋಡೆ ಕಂಬಿಯಿಂದ ಕಾಣುತ್ತಿರಲಿಲ್ಲ. ಅದನ್ನು ತಿರುಗಿಸಿಟ್ಟು, ಅಗಲ ಎಷ್ಟು, ಕಿಟಕಿ ಎಷ್ಟು ಅಂತ ಬರೆದು ಕಳಿಸಿದರೆ ಸಾಕು. ಮೊಮ್ಮಗಳೂ ಕೇಳುತ್ತಿದ್ದಾಳೆ.

ಇತಿ,
ನಿಮ್ಮ ಓದುಗ, ನಿವೃತ್ತ ಡ್ರಾಫ್ಟ್ಸ್‌ಮನ್