ಪೋಷಕರಿಗೆ ಪತ್ರ: ‘ಸೆಟ್’ ಅಂದರೆ ಬರೀ ಗುಂಪಲ್ಲ

ಪ್ರೀತಿಯ ಪೋಷಕರೇ,

ನಮಸ್ಕಾರ.

ಕಳೆದ ವಾರ ಆರನೇ ತರಗತಿಯ ಇಂಗ್ಲಿಷ್ ನೋಟ್‌ಬುಕ್‌ಗಳು ನನ್ನ ಮೇಜಿಗೆ ಬಂದಿದ್ದವು. ‘ದಿ ಸನ್ ಸೆಟ್ಸ್ ಇನ್ ದಿ ವೆಸ್ಟ್’, ಅಂದರೆ ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಾನೆ, ಎಂಬ ವಾಕ್ಯವನ್ನು ಕನ್ನಡದಲ್ಲಿ ಬರೆಯಬೇಕಿತ್ತು. ಒಬ್ಬ ಹುಡುಗ ‘ಸೂರ್ಯನ ಗುಂಪುಗಳು ಪಶ್ಚಿಮದಲ್ಲಿವೆ’ ಎಂದು ಬರೆದಿದ್ದ. ನಗು ಬಂತು. ಹಿಂದಿನ ಪುಟ ತಿರುವಿದೆ. ‘ಸೆಟ್ – ಗುಂಪು’ ಎಂದು ಹತ್ತು ಸಲ ಬರೆಸಿದ್ದೆವು. ಕೆಳಗೆ ನಮ್ಮದೇ ಕೆಂಪು ಇಂಕಿನ ರೈಟ್ ಗುರುತು. ನಗು ಅಲ್ಲೇ ನಿಂತಿತು.

ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ಪದ ಇದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರುವುದು ಈ ಪದಕ್ಕೇ. ಕ್ರಿಯಾಪದವಾಗಿಯೇ 430 ಅರ್ಥ! ಆಮೇಲೆ ‘ರನ್’ ಇದನ್ನು ಹಿಂದೆ ಹಾಕಿತು. ಅದಕ್ಕೆ 645 ಅರ್ಥ. ಮನೆಯಲ್ಲಿ ಕ್ರಿಕೆಟ್ ಹುಚ್ಚಿನ ಮಕ್ಕಳಿದ್ದರೆ ಈ ಸ್ಕೋರು ಹೇಳಿ ನೋಡಿ.

‘ಸೆಟ್’ ಎಂಬುದು ನಿಜಕ್ಕೂ ಒಂದು ಪದ ಅಲ್ಲ. ಬೇರೆ ಬೇರೆ ಮನೆಯಿಂದ ಬಂದ ಎರಡು ಪದಗಳು ಒಂದೇ ಹೆಸರಿಟ್ಟುಕೊಂಡು ಕೂತಿವೆ. ‘ಗುಂಪು, ಜೊತೆ’ ಎಂಬ ಅರ್ಥದ ಸೆಟ್ ಬಂದದ್ದು ಹಳೆಯ ಫ್ರೆಂಚ್‌ನಿಂದ. ಅದರ ಮೂಲ ಲ್ಯಾಟಿನ್‌ನ ‘ಸೆಕ್ಟಾ’, ಅಂದರೆ ಒಬ್ಬರ ಹಿಂದೆ ನಡೆಯುವವರು. ಪಂಗಡ ಎಂಬ ಅರ್ಥದ ‘ಸೆಕ್ಟ್’ ಕೂಡ ಇದೇ ಬೇರಿನದು. ನಾವು ಹೋಟೆಲಿನಲ್ಲಿ ತಿನ್ನುವ ಸೆಟ್ ದೋಸೆಯ ‘ಸೆಟ್’ ಇದೇ. ಒಂದರ ಹಿಂದೆ ಒಂದು ದೋಸೆ, ಅಲ್ವಾ?

ಇನ್ನೊಂದು ಸೆಟ್ ಹಳೆಯ ಇಂಗ್ಲಿಷಿನದು. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ನಾವು ‘ಇಸು’ ಸೇರಿಸಿ ಮಾಡುವ ಕೆಲಸವನ್ನು ಅವರು ಒಂದು ಸ್ವರ ಬದಲಿಸಿ ಮಾಡಿದ್ದಾರೆ. ‘ಫಾಲ್’ ಅಂದರೆ ಬೀಳು, ‘ಫೆಲ್’ ಅಂದರೆ ಮರ ಕಡಿದು ಬೀಳಿಸು. ಅದೂ ಹೀಗೇ.

ಈ ‘ಕೂರಿಸು’ ಕೈಗೆ ಸಿಕ್ಕರೆ ಎಷ್ಟೋ ಅರ್ಥಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಕೂರಿಸುತ್ತಾರೆ, ಇಂಗ್ಲಿಷಿನವರೂ ಅದನ್ನು ‘ಸೆಟ್’ ಮಾಡುವುದು ಅಂತಲೇ ಹೇಳುತ್ತಾರೆ. ಮೊಸರು ಗಟ್ಟಿಯಾಗಿ ಕೂತರೆ ಅದೂ ಸೆಟ್. ಸೂರ್ಯ ಕೆಳಗಿಳಿದು ಕೂತರೆ ಸನ್‌ಸೆಟ್. ನಮ್ಮ ಸ್ಟಾಫ್ ರೂಮಿನಲ್ಲಂತೂ ಎರಡು ಸೆಟ್ಟೂ ಒಂದೇ ಮಾತಿನಲ್ಲಿ ಬರುತ್ತವೆ: ‘ಮೂರು ಸೆಟ್ ಪೇಪರ್ ಸೆಟ್ ಮಾಡಬೇಕು.’ ಮೊದಲನೆಯದು ಲ್ಯಾಟಿನ್ ಕಡೆಯದು, ಎರಡನೆಯದು ಹಳೆಯ ಇಂಗ್ಲಿಷಿನದು. ಹೇಳುವಾಗ ನಮಗೇ ಗೊತ್ತಿರುವುದಿಲ್ಲ.

ಮೊನ್ನೆ ಸಭೆಯಲ್ಲಿ ಒಬ್ಬ ತಾಯಿ, ‘ಮೇಡಂ, ನಮಗೆ ಇಂಗ್ಲಿಷ್ ಬರಲ್ಲ, ಮಗುಗೆ ಏನಂತ ಹೇಳಿಕೊಡೋದು?’ ಅಂದರು. ಅವರು ಟೈಲರ್. ‘ರವಿಕೆ ಸರಿಯಾಗಿ ಕೂತಿದೆ’ ಎಂದು ದಿನಕ್ಕೆ ಹತ್ತು ಸಲ ಹೇಳುವವರು. ‘ಕೂರು’ ಎಂಬ ಒಂದು ಮಾತಿಗೆ ಎಷ್ಟು ಅರ್ಥ ಎಂದು ಮಗುವಿಗೆ ಅವರಿಗಿಂತ ಚೆನ್ನಾಗಿ ತೋರಿಸುವವರು ಯಾರು? ನಮ್ಮ ‘ಹತ್ತು’ ಪದವನ್ನೇ ನೋಡಿ. ಹತ್ತು ರೂಪಾಯಿ, ಮರ ಹತ್ತು, ಬೆಂಕಿ ಹತ್ತಿತು. ಇದನ್ನು ನಾವು ಯಾರೂ ಬಾಯಿಪಾಠ ಮಾಡಿ ಕಲಿತಿಲ್ಲ.

ಹಾಗಾಗಿ ಮುಂದಿನ ಸೋಮವಾರದಿಂದ ‘ಪದ – ಅರ್ಥ’ ಪಟ್ಟಿ ಬರೆಸುವುದನ್ನು ನಿಲ್ಲಿಸುತ್ತಿದ್ದೇವೆ. ದಿನಕ್ಕೆ ಎರಡೇ ಪದ, ಒಂದೊಂದಕ್ಕೆ ಮೂರು ವಾಕ್ಯ. ಹೋಮ್‌ವರ್ಕ್ ಕಡಿಮೆ ಆಯ್ತು ಎಂದು ಫೋನ್ ಬರುತ್ತದೆ, ಗೊತ್ತು. ಪುಟ ಕಡಿಮೆ ಆಗುತ್ತದೆ, ತಲೆಗೆ ಕೆಲಸ ಜಾಸ್ತಿ ಆಗುತ್ತದೆ. ಗೈಡ್ ನೋಡಿ ಬರೆಸಬೇಡಿ. ವಾಕ್ಯ ತಪ್ಪಿದ್ದರೂ ಪರವಾಗಿಲ್ಲ, ಮಗುವಿನದೇ ಇರಲಿ.

ಈ ಶನಿವಾರ ಮಕ್ಕಳು ಐದು ‘ಸೆಟ್’ ಹುಡುಕಿ ತರಬೇಕು. ತೋಟದ ಪಂಪ್‌ಸೆಟ್, ಗಾರೆ ಮೇಸ್ತ್ರಿಯ ಕಾಂಕ್ರೀಟ್, ಸಿನಿಮಾ ಸೆಟ್, ‘ನಮ್ಮಿಬ್ಬರಿಗೆ ಸೆಟ್ ಆಗಲ್ಲ’ ಎಂಬ ಜಗಳ, ಯಾವುದಾದರೂ ಸರಿ. ಯಾವ ಮನೆಯ ಸೆಟ್ ಎಂದು ತರಗತಿಯಲ್ಲಿ ಕೂತು ಬೇರೆ ಮಾಡುತ್ತೇವೆ. ಬಿಡುವಿದ್ದರೆ ನೀವೂ ಬನ್ನಿ.

ಆ ಹುಡುಗನಿಗೆ ಅರ್ಧ ಅಂಕ ಕೊಟ್ಟಿದ್ದೇನೆ. ಪಶ್ಚಿಮ ಸರಿಯಾಗಿತ್ತಲ್ಲ.

ಇಂತಿ,
ನಿಮ್ಮ ಮುಖ್ಯೋಪಾಧ್ಯಾಯಿನಿ