ಸರ್ವರ್ ಆಮೇಲೆ ಕೊಳ್ಳೋಣ, ಎರಡನೇ ಕಾಪಿ ಎಲ್ಲಿಡೋದು ಅಂತ ಮೊದಲು ತೀರ್ಮಾನಿಸೋಣ

ಸಂಪಾದಕರಿಗೆ ನಮಸ್ಕಾರ.

ಮುಂಬಯಿ ಸುತ್ತಿನ ಡೊಂಬಿವಲಿ, ಮುಲುಂಡ್, ಥಾಣೆ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಈಗ ಒಂದು ಒಳ್ಳೆಯ ಮಾತು ಓಡಾಡುತ್ತಿದೆ. ನಾಲ್ಕಾರು ಮನೆಯವರು ದುಡ್ಡು ಸೇರಿಸಿ ಒಂದು ಸರ್ವರ್, ಅಂದರೆ ಫೈಲ್‌ಗಳನ್ನು ಇಟ್ಟುಕೊಂಡು ಎಲ್ಲರಿಗೂ ಹಂಚುವ ಕಂಪ್ಯೂಟರ್ ಪೆಟ್ಟಿಗೆ, ತರೋಣ, ಎಲ್ಲರ ಮನೆಯ ಯಕ್ಷಗಾನದ ಕ್ಯಾಸೆಟ್, ಸಂಘದ ನಾಟಕದ ವಿಡಿಯೊ, ಮದುವೆ, ಭಜನೆ ಎಲ್ಲ ಅದರಲ್ಲಿ ಹಾಕೋಣ, ಯಾರ ಮನೆಯ ಟಿವಿಯಲ್ಲಿ ಬೇಕಾದರೂ ನೋಡೋಣ ಅಂತ. ನಾನು ನೆಟ್‌ವರ್ಕ್ ಕೆಲಸದವನು. ಹಾಗಾಗಿ ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವ ಪೆಟ್ಟಿಗೆ ತಗೊಳ್ಳೋದು, ಎಷ್ಟು ಟಿಬಿ (ಒಂದು ಟಿಬಿ ಅಂದರೆ ಸಾವಿರ ಜಿಬಿ)? ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಅಂತ ಹೇಳೋದಕ್ಕೇ ಈ ಪತ್ರ.

ಜಾಗದ ಲೆಕ್ಕ ಸುಲಭ. ಆಡಿಯೊ ಕ್ಯಾಸೆಟ್ಟನ್ನು ಸಿಡಿ ಗುಣಮಟ್ಟದಲ್ಲಿ, ಏನೂ ಕುಗ್ಗಿಸದೆ ಇಟ್ಟರೂ ಗಂಟೆಗೆ 635 ಎಂಬಿ ಆಗುತ್ತದೆ. ಹಳೆಯ ವಿಡಿಯೊ ಕ್ಯಾಮೆರಾದ ಮಿನಿ ಡಿವಿ ಟೇಪಾದರೆ ಗಂಟೆಗೆ ಸುಮಾರು 13 ಜಿಬಿ. ಮುನ್ನೂರು ಗಂಟೆ ಆಡಿಯೊ, ನೂರು ಗಂಟೆ ವಿಡಿಯೊ ಸೇರಿದರೂ ಒಂದೂವರೆ ಟಿಬಿ ಆಸುಪಾಸು. 4 ಟಿಬಿಯ ಡಿಸ್ಕ್ ಬೇಕಾದಷ್ಟಾಯಿತು. ಅಂಗಡಿಯವನು 16 ಟಿಬಿ ತೋರಿಸಿದರೆ ಸುಮ್ನೆ ಮರುಳಾಗಬೇಡಿ, ಆ ದುಡ್ಡಿಗೆ ಬೇರೆ ಕೆಲಸ ಇದೆ.

ಆ ಬೇರೆ ಕೆಲಸವೇ ಎರಡನೇ ಕಾಪಿ. ಎರಡು ಡಿಸ್ಕ್ ಹಾಕಿ ರೇಡ್ ಮಾಡಿದರೆ, ಅಂದರೆ ಎರಡರಲ್ಲೂ ಒಂದೇ ಸಲ ಅದನ್ನೇ ಬರೆಯುವ ಹಾಗೆ ಜೋಡಿಸಿದರೆ, ಸಾಕು ಅಂತ ತುಂಬಾ ಜನ ನಂಬಿದ್ದಾರೆ. ಸಾಲದು. ರೇಡ್ ಇದ್ದರೆ ಒಂದು ಡಿಸ್ಕ್ ಕೆಟ್ಟಾಗ ಸರ್ವರ್ ನಿಲ್ಲುವುದಿಲ್ಲ, ಅಷ್ಟೇ. ಮನೆಯಲ್ಲಿ ಯಾರೋ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಅಳಿದುಹೋಗುತ್ತದೆ. ವೈರಸ್ ಬಂದರೂ ಹಾಗೇ. 2022ರಲ್ಲಿ ಡೆಡ್‌ಬೋಲ್ಟ್ ಅನ್ನುವ ಹಾವಳಿ ಬಂತು, ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಟ್ಟಿದ್ದ ಸಾವಿರಾರು ಜನರ ಇಂಥದೇ ಪೆಟ್ಟಿಗೆಗಳ ಫೈಲ್‌ಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿದರು. ಹಾಗಾಗಿ ಮನೆಯ ಹೊರಗಿನಿಂದ ನೋಡಬೇಕು ಅಂತಿದ್ದರೆ ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದಾರಿ, ತೆರೆಯಬೇಡಿ. ನಿಮ್ಮವರಿಗೆ ಮಾತ್ರ ಭದ್ರವಾದ ದಾರಿ ಮಾಡಿಕೊಡುವ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಹಾಕಿಕೊಳ್ಳಿ.

ಇನ್ನು ನೀರು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಅವತ್ತು ನೆಲಮಹಡಿಯ ಮನೆಗಳಲ್ಲಿ ಆಲ್ಬಮ್ಮು, ಕ್ಯಾಸೆಟ್ಟು, ಕಪಾಟು ಎಲ್ಲ ಒಟ್ಟಿಗೇ ನೀರು ಕುಡಿದವು. ಒಂದೇ ಬಿಲ್ಡಿಂಗಿನ ಒಂದೇ ಮನೆಯಲ್ಲಿ ಎಷ್ಟು ಕಾಪಿ ಇಟ್ಟರೇನು? ಎರಡನೆಯದು ಬೇರೆ ಊರಲ್ಲಿರಬೇಕು. ನಮಗೆ ಅದು ಕಷ್ಟವಲ್ಲ, ಉಡುಪಿಯಲ್ಲೋ ಕುಂದಾಪುರದಲ್ಲೋ ನಮಗೆ ಒಂದು ಮನೆ ಇದ್ದೇ ಇದೆ, ಅಲ್ವಾ. ಸೆಕೆಂಡಿಗೆ 100 ಮೆಗಾಬಿಟ್ ಅಪ್‌ಲೋಡ್ ಪೂರ್ತಿ ಸಿಕ್ಕಿದರೂ ಒಂದು ಟಿಬಿ ಕಳಿಸಲು ಹತ್ತಿರ ಹತ್ತಿರ ಒಂದು ದಿನ ಬೇಕು, ಆದ್ದರಿಂದ ಮೊದಲ ಸಲ ಡಿಸ್ಕನ್ನೇ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿ. ಆಮೇಲೆ ಹೊಸದಾಗಿ ಸೇರಿದ್ದು ಮಾತ್ರ ರಾತ್ರಿ ಹೊತ್ತು ನೆಟ್‌ನಲ್ಲಿ ಹೋಗಲಿ.

ಉಳಿದದ್ದು ಚಿಕ್ಕ ಮಾತು. ಡಿಸ್ಕ್ ಕೊಳ್ಳುವಾಗ ಸಿಎಮ್‌ಆರ್ ಬಗೆಯದೇ ಬೇಕು ಅಂತ ಕೇಳಿ ತಗೊಳ್ಳಿ, ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಹತ್ತಿಸಿ ಬರೆಯುವ ಎಸ್‌ಎಮ್‌ಆರ್ ಬಗೆಯದು ರೇಡ್‌ಗೆ ಒಗ್ಗುವುದಿಲ್ಲ. ಒಂದು ಯುಪಿಎಸ್ ಇರಲಿ. 20 ವಾಟ್‌ನ ಪೆಟ್ಟಿಗೆ ದಿನಪೂರ್ತಿ ಓಡಿದರೂ ತಿಂಗಳಿಗೆ ಹದಿನಾಲ್ಕು ಹದಿನೈದು ಯೂನಿಟ್ ಕರೆಂಟು. ಟಿವಿಯಲ್ಲಿ ನೋಡಲು ಜೆಲ್ಲಿಫಿನ್ ಅನ್ನುವ ಸಾಫ್ಟ್‌ವೇರ್ ಸಾಕು, ಅದಕ್ಕೆ ದುಡ್ಡಿಲ್ಲ.

ನನಗೆ ನಿಜವಾಗಿ ಸಂಕಟ ಆಗುವುದು ಟೇಪಿನ ವಿಷಯದಲ್ಲಿ. ಮುಂಬಯಿಯ ಮಳೆಗಾಲದ ತೇವಕ್ಕೆ ವಿಎಚ್‌ಎಸ್ ಟೇಪಿನ ಮೇಲೆ ಬಿಳಿ ಬೂಷ್ಟು ಹತ್ತುತ್ತದೆ. ಅದನ್ನು ಹಾಗೇ ಟೇಪು ಓಡಿಸುವ ವಿಸಿಆರ್‌ಗೆ ಹಾಕಿದರೆ ಟೇಪು ಓದುವ ಹೆಡ್ ಕೆಡುತ್ತದೆ, ಮುಂದಿನ ಟೇಪಿಗೂ ಬೂಷ್ಟು ಅಂಟುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈಗೆ ಕೈಬಿಟ್ಟಿತು. ಈಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿ ಹಳೆಯದನ್ನೇ ರಿಪೇರಿ ಮಾಡಿಸಬೇಕು. ಸರ್ವರ್ ಮುಂದಿನ ವರ್ಷವೂ ಸಿಗುತ್ತದೆ, ಟೇಪು ಓದುವ ಮಶೀನು ಸಿಗುತ್ತದೆ ಅಂತ ಹೇಳಲಾಗದು. ಟೇಪುಗಳನ್ನು ಮೊದಲು ಫೈಲಿಗೆ ಇಳಿಸಿ. ಇಳಿಸಿದ ಮೇಲೂ ಟೇಪು ಬಿಸಾಡಬೇಡಿ.

ಇಳಿಸುವಾಗ ಹೆಸರು ಬರೆಯಿರಿ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಯಕ್ಷಗಾನದ ಫೈಲಿನ ಹೆಸರು ಬರೀ ‘ಆಟ 1’, ‘ಆಟ 2’. ಯಾವ ಪ್ರಸಂಗ, ಯಾವ ವರ್ಷ, ಮಾಟುಂಗದಲ್ಲೋ ಬೊರಿವಲಿಯಲ್ಲೋ, ಚೆಂಡೆ ಯಾರದು? ಇದು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಎರಡು ಹಾಡು ಕೇಳಿದ ಕೂಡಲೇ ಹಾಡಿದ ಭಾಗವತರು ಇಂಥವರೇ ಅಂತ ಹೇಳಬಲ್ಲ ಅಜ್ಜಂದಿರು ನಮ್ಮ ನಡುವೆ ಇನ್ನೂ ಇದ್ದಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ, ರಾತ್ರಿಯಿಡೀ ಆಟ ನೋಡಿದವರು ಅವರು. ಭಾನುವಾರ ಅವರ ಪಕ್ಕ ಕೂತು, ಫೈಲ್ ಹಾಕಿ, ಅವರು ಹೇಳಿದ್ದನ್ನು ಮೊಮ್ಮಕ್ಕಳು ಬರೆದುಕೊಳ್ಳಲಿ. ಇಸವಿ, ಜಾಗ, ಪ್ರಸಂಗ, ಕಲಾವಿದರು, ಇಷ್ಟು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇದ್ದರೆ ಸಾಕು. ಅವರು ಮಾತಾಡುವುದನ್ನೂ ರೆಕಾರ್ಡ್ ಮಾಡಿ, ಜಾಗ ಬೇಕಾದಷ್ಟಿದೆ ಅಂತ ಆಗಲೇ ಹೇಳಿದೆನಲ್ಲ. ಕಲಾವಿದರನ್ನೋ ಅವರ ಮನೆಯವರನ್ನೋ ಕೇಳದೆ ಯಾವುದನ್ನೂ ಯೂಟ್ಯೂಬಿಗೆ ಹಾಕಬೇಡಿ, ಕಾನೂನಿನಲ್ಲೂ ಅವರಿಗೆ ಹಕ್ಕಿದೆ.

ಮನೆಗಳ ಕೈಯಲ್ಲಿ ಮಾತ್ರ ಇದು ಜಾಸ್ತಿ ದಿನ ನಡೆಯುವುದಿಲ್ಲ. ಸರ್ವರ್ ನೋಡಿಕೊಳ್ಳುವ ಹುಡುಗನಿಗೆ ಪುಣೆಗೋ ಬೆಂಗಳೂರಿಗೋ ಕೆಲಸ ಸಿಕ್ಕಿ ಹೋದರೆ ಪಾಸ್‌ವರ್ಡೂ ಅವನ ಜೊತೆಗೇ ಹೋಗುತ್ತದೆ. 1926ರಲ್ಲಿ ಶುರುವಾದ ಮಾಟುಂಗದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಉಪನಗರಗಳ ಚಿಕ್ಕ ಸಂಘಗಳವರೆಗೆ ಎಲ್ಲರಲ್ಲೂ ನನ್ನ ಕೇಳಿಕೆ ಇದು: ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಇಬ್ಬರು ಪದಾಧಿಕಾರಿಗಳ ಹತ್ತಿರ ಇಡಿ. ವರ್ಷಕ್ಕೊಮ್ಮೆ ಊರಿನ ಕಾಪಿಯಿಂದ ಕೆಲವು ಫೈಲ್ ತೆಗೆದು ಓಡುತ್ತವೆಯಾ ನೋಡಿ. ಡಿಸ್ಕ್ ಹಳತಾದಾಗ ಬದಲಿಸಲು ವಾರ್ಷಿಕ ವಂತಿಗೆಯಲ್ಲಿ ಸ್ವಲ್ಪ ಎತ್ತಿಡಿ. ಸಂಪಾದಕರೇ, ಯಾವ ಸಂಘದ ಹತ್ತಿರ ಯಾವ ಕಾಲದ ಟೇಪುಗಳಿವೆ, ಯಾರ ಮನೆಯಲ್ಲಿ ಓಡುವ ವಿಸಿಆರ್ ಇದೆ ಅಂತ ತಿಳಿಸಲು ನಿಮ್ಮ ಪತ್ರಿಕೆಯಲ್ಲಿ ಒಂದಿಷ್ಟು ಜಾಗ ಕೊಟ್ಟರೆ ಮುಂದಿನ ಮಳೆಗಾಲದೊಳಗೆ ಕೆಲಸ ಶುರು ಮಾಡಬಹುದು. ಭಾನುವಾರಗಳಲ್ಲಿ ಬಂದು ಕೈಜೋಡಿಸಲು ನಾನು ತಯಾರಿದ್ದೇನೆ.

ಇಂತಿ,
ಓದುಗ, ಡೊಂಬಿವಲಿ ಪೂರ್ವ